ಲೋಕಯ್ಯ ಹರಿಯದ ಹಾಳೆ

ಬಹರೈನಿನ ಉಮ್ ಅಲ್ ಹಸ್ಸಮ್‌ನಲ್ಲಿ ರೊಟ್ಟಿ ಸುಡುವ ಇರಾನಿಯ ಭಟ್ಟಿಯ ಪಕ್ಕಕ್ಕೆ ಒಂದೇ ಬಾಗಿಲಿನ ಟೈಲರ್ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವರು ಕಾಪು ಕಡೆಯ ಲೋಕಯ್ಯ. ಅವರ ಬಗ್ಗೆ ಬರೆಯಲು ಕೂತರೆ ನನ್ನ ಬಗ್ಗೆಯೂ ಸ್ವಲ್ಪ ಬರೆಯಬೇಕಾಗುತ್ತದೆ. ಅದು ನನಗೆ ಇಷ್ಟದ ಕೆಲಸವಲ್ಲ, ಆದರೂ ಬರೆಯುತ್ತೇನೆ.

ಲೋಕಯ್ಯ ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬಾಯಿಗೆ ಹೋದವರು. ಅಲ್ಲಿ ಒಂದು ಸೂಟಿನ ಅಂಗಡಿಯಲ್ಲಿ ಮೊದಲು ಗುಂಡಿ ಹಚ್ಚಿ, ಆಮೇಲೆ ಇಸ್ತ್ರಿ ಹಾಕಿ, ಕೆಲಸಕ್ಕೆ ಸೇರಿದ ಹನ್ನೊಂದನೆಯ ವರ್ಷ ಕತ್ತರಿ ಹಿಡಿದರು. ಕತ್ತರಿ ಹಿಡಿದ ಮೊದಲ ತಿಂಗಳಲ್ಲೇ ಒಬ್ಬ ಮದುಮಗನ ಸೂಟು ಕೆಡಿಸಿದರು. ಅಳತೆ ಕೊಟ್ಟ ದಿನ ಅವನಿಗೆ ಉಪವಾಸವಿತ್ತಂತೆ. ಮದುವೆಯ ದಿನ ಊಟ ಮಾಡಿದ ಮೇಲೆ ಕೋಟಿನ ಗುಂಡಿ ಹಾಕಲಾಗಲಿಲ್ಲ. ಅಂದಿನಿಂದ ಅವರು ಅಳತೆಯ ಪುಸ್ತಕದಲ್ಲಿ ಸೊಂಟ, ಎದೆ, ಉದ್ದದ ಜೊತೆಗೆ ತಾರೀಕು, ಗಂಟೆ, ಊಟದ ಮೊದಲೋ ನಂತರವೋ ಎಂದೂ ಬರೆದಿಡುತ್ತಿದ್ದರು. ಅರವತ್ತೆರಡನೇ ಇಸವಿಯಲ್ಲಿ ಹಡಗು ಹತ್ತಿ ಬಹರೈನಿಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಅವರ ಇನ್ನೊಂದು ಅಭ್ಯಾಸ ಅಮೆರಿಕದ ರಾಜಕೀಯ. ಹೊಲಿಗೆ ಯಂತ್ರದ ಎಡಕ್ಕೆ ಒಂದು ದೊಡ್ಡ ರೇಡಿಯೊ. ಒಮ್ಮೆ ಲಂಡನ್, ಒಮ್ಮೆ ವಾಷಿಂಗ್ಟನ್. ನಾನು ಕೇಳಿದ್ದೆ, "ಊರಿನ ಸುದ್ದಿ ಬಿಟ್ಟು ಅವರ ಉಸಾಬರಿ ನಿಮಗೆ ಯಾಕೆ ಲೋಕಣ್ಣ?"

"ಊರಿನ ಸುದ್ದಿ ಬರುವಾಗ ಹದಿನೈದು ದಿವಸ ಹಳತಾಗಿರ್ತದೆ. ಇಲ್ಲಿಯದ್ದು ಮಾತಾಡ್ಲಿಕ್ಕೆ ನಾವು ವೀಸಾದಲ್ಲಿ ಬಂದವರು, ನಮಗೆ ಬೇಡ. ಅಮೆರಿಕದ್ದಾದ್ರೆ ಎಷ್ಟು ಮಾತಾಡಿದ್ರೂ ಯಾರೂ ಬಾಗಿಲು ತಟ್ಟುವುದಿಲ್ಲ."

ಅಮೆರಿಕದ ನೌಕಾಪಡೆಯವರು ಪ್ಯಾಂಟು ಗಿಡ್ಡ ಮಾಡಿಸಲು ಅಲ್ಲಿಗೇ ಬರುತ್ತಿದ್ದರು. ಅವರಲ್ಲಿ ಒಬ್ಬನಿಗೆ ಲೋಕಯ್ಯ ತಮ್ಮ ಬೊಂಬಾಯಿ ಇಂಗ್ಲಿಷಿನಲ್ಲಿ, ನಿಮ್ಮ ಅಧ್ಯಕ್ಷನಿಗೆ ಆ ಕಳ್ಳತನದ ವಿಷಯ ಯಾವಾಗ ಗೊತ್ತಾಯಿತು ಎಂದು ಕೇಳಿದರು. ಯೂನಿಫಾರ್ಮಿನಲ್ಲಿರುವಾಗ ನಾನು ರಾಜಕೀಯ ಮಾತಾಡುವ ಹಾಗಿಲ್ಲ ಎಂದನಂತೆ ಅವನು. "ಹಾಗಾದರೆ ಕಳಚು, ಹೇಗೂ ಅಳತೆ ತೆಗೆಯಬೇಕು" ಎಂದರು ಇವರು. ಆ ಮನುಷ್ಯ ನಕ್ಕು ನಕ್ಕು ಸ್ಟೂಲಿನಲ್ಲಿ ಕೂತುಬಿಟ್ಟನಂತೆ. ಉತ್ತರ ಮಾತ್ರ ಕೊಡಲಿಲ್ಲ.

ಇದು ಎಪ್ಪತ್ತನಾಲ್ಕರ ಜುಲೈ. ಅಮೆರಿಕದ ವಿರೋಧ ಪಕ್ಷದ ಕಚೇರಿಗೆ ಅಧ್ಯಕ್ಷನ ಕಡೆಯ ಕಳ್ಳರು ಹೊಕ್ಕು ಎರಡು ವರ್ಷವಾಗಿತ್ತು. ಅಧ್ಯಕ್ಷನ ಕೋಣೆಯ ಮಾತುಗಳೆಲ್ಲ ಟೇಪಿನಲ್ಲಿ ಉಂಟು ಎಂದು ಗೊತ್ತಾಗಿ ಒಂದು ವರ್ಷ. ಕೊಡು ಎಂದು ಕೋರ್ಟು, ಕೊಡೆನು ಎಂದು ಅವನು. ಲೋಕಯ್ಯನವರ ತೀರ್ಮಾನ ಹೀಗಿತ್ತು: "ಕಳ್ಳರು ಹೊಕ್ಕದ್ದು ಸಣ್ಣ ಹರಕು. ಅದನ್ನು ಅಲ್ಲೇ ಹೊಲಿದಿದ್ದರೆ ಮುಗೀತಿತ್ತು. ಇವ ಹರಕಿನ ಮೇಲೆ ಜೇಬು ಹಚ್ಚಿದ. ಈಗ ಜೇಬು ಭಾರ ಆಗಿ ಅಂಗಿಯೇ ಹರೀತಾ ಉಂಟು."

"ನಿಮಗೆ ಅಮೆರಿಕದವರು ಅಂದ್ರೆ ದೇವರು" ಎಂದೆ ನಾನು.

"ದೇವರಲ್ಲ ಮಾರಾಯ. ಎಪ್ಪತ್ತೊಂದರಲ್ಲಿ ನಮ್ಮ ಕಡಲಿಗೆ ಯುದ್ಧದ ಹಡಗು ಕಳಿಸಿದವ ಇವನೇ. ಆದರೂ ಕೇಳುವವರು ಉಂಟಲ್ಲ ಅಲ್ಲಿ? ನಮ್ಮಲ್ಲಿ ಪಂಚಾಯತಿ ಮೆಂಬರನ ಹತ್ರ ನಿನಗೆ ಇದು ಯಾವಾಗ ಗೊತ್ತಾಯ್ತು ಅಂತ ಯಾರಾದ್ರೂ ಕೇಳಿದ್ದು ನೀನು ನೋಡಿದ್ದೀಯಾ?"

ನಾನು ಒಪ್ಪುತ್ತಿರಲಿಲ್ಲ. ಅಷ್ಟು ದೊಡ್ಡವನು ಕೊಡುವುದಿಲ್ಲ ಎಂದರೆ ಮುಗಿಯಿತು, ಜಡ್ಜುಗಳಲ್ಲಿ ನಾಲ್ಕು ಮಂದಿಯನ್ನು ನೇಮಿಸಿದವನೇ ಅವನು ಎಂದು ನನ್ನ ವಾದ. ಆ ವಾರ ತೀರ್ಪು ಬರುವುದಿತ್ತು. ದಿನವೂ ಸಂಜೆ ಏಳರ ವಾರ್ತೆಗೆ ನಾನು ಅಲ್ಲಿ ಹಾಜರಾಗುತ್ತಿದ್ದೆ.

ನನ್ನ ಕೆಲಸ ಕೋಳಿ, ಮಾಂಸ ಇಡುವ ಒಂದು ಕೋಲ್ಡ್ ಸ್ಟೋರಿನಲ್ಲಿ ಮೆಕ್ಯಾನಿಕ್. ಒಳಗಿನ ಪೈಪುಗಳ ಮೇಲೆ ಮಂಜು ಕಟ್ಟುತ್ತದೆ. ಅದು ಕರಗಲು ದಿನಾ ಸಂಜೆ ಅರ್ಧ ಗಂಟೆ ಕಂಪ್ರೆಸರ್ ಬಂದ್ ಮಾಡಬೇಕು. ಹಿಂದೊಮ್ಮೆ ನನ್ನ ಕೈ ಫ್ಯಾನಿನೊಳಗೆ ಇರುವಾಗ ಯಾರೋ ಸ್ವಿಚ್ ಹಾಕಿ ಎರಡು ಬೆರಳಿನ ಉಗುರು ಹೋಗಿತ್ತು. ಆಮೇಲೆ ನಾನೊಂದು ಕಾನೂನು ಮಾಡಿದೆ. ಬಂದ್ ಮಾಡಿದಾಗ ಬೆವರು ಒರೆಸುವ ನನ್ನ ಕೆಂಪು ಬೈರಾಸನ್ನು ಸ್ವಿಚ್ಚಿನ ಮೇಲೆ ನೇತುಹಾಕುವುದು. ಬೈರಾಸು ಇರುವಾಗ ಯಾರಾದರೂ ಸ್ವಿಚ್ಚು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಎಲ್ಲರ ಎದುರು ಹೇಳಿದ್ದೆ. ನಾನು ಹೇಳಿದ್ದನ್ನು ಮಾಡುವ ಜಾತಿಯವನೆಂದು ಅವರಿಗೆ ಗೊತ್ತಿತ್ತು.

ಬುಧವಾರ ಸಂಜೆ ಆರೂವರೆಗೆ ಬಂದ್ ಮಾಡಿ ಬೈರಾಸು ಹಾಕಿದೆ. ಗೇಟು ಕಾಯುವವನು ಉಳ್ಳಾಲದ ಮೊಯ್ದು, ಬಂದು ಎಂಟು ತಿಂಗಳಾಗಿದ್ದ ಹೊಸಬ. "ವಾರ್ತೆ ಕೇಳಿ ಈಗ ಬರ್ತೇನೆ" ಎಂದು ಅವನಿಗೆ ಹೇಳಿ ಲೋಕಯ್ಯನವರಲ್ಲಿಗೆ ಹೋದೆ. ವಾರ್ತೆ ಶುರುವಾಗುವ ಮೊದಲು ಅವರು ನನ್ನ ಪ್ಯಾಂಟಿನ ಅಳತೆ ತೆಗೆದು ಬರೆದುಕೊಂಡರು. ಏಳಕ್ಕೆ ಸುದ್ದಿ ಬಂತು. ಎಂಟಕ್ಕೆ ಎಂಟೂ ಜಡ್ಜುಗಳು ಟೇಪು ಕೊಡು ಎಂದಿದ್ದರು.

ಲೋಕಯ್ಯ ಅಳತೆಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನ ಮುಖ ನೋಡಿದರು ಅಷ್ಟೆ. ನನಗೆ ಅದೇ ಸಾಕಾಯಿತು. ಕೋರ್ಟಿನ ಹತ್ತಿರ ಸೈನ್ಯ ಉಂಟಾ, ಅವನು ಕೊಡದಿದ್ದರೆ ಯಾರು ಹೋಗಿ ತರುತ್ತಾರೆ ಎಂದು ಎಂಟೂವರೆವರೆಗೆ ಜಗಳ ಮಾಡಿದೆ. ಸಿಟ್ಟಿನಲ್ಲಿ ಹೊರಬಿದ್ದವನು ನೆಟ್ಟಗೆ ರೂಮಿಗೆ ಹೋಗಿ ಉಂಡು ಮಲಗಿದೆ. ಕಂಪ್ರೆಸರ್ ನೆನಪಾದದ್ದು ಬೆಳಿಗ್ಗೆ ಹಲ್ಲುಜ್ಜುವಾಗ.

ಓಡಿಹೋದೆ. ಕೋಣೆಯ ಬಾಗಿಲಿನಡಿಯಿಂದ ಕೆಂಪು ನೀರು ಬರುತ್ತಿತ್ತು. ಮೊಯ್ದು ಹಿತ್ತಿಲ ನಳ್ಳಿಯಲ್ಲಿ ಮುಖ ತೊಳೆಯುತ್ತಿದ್ದ. ಬೈರಾಸು ನಾನು ಹಾಕಿದ ಹಾಗೆಯೇ ನೇತಾಡುತ್ತಿತ್ತು. ಅದನ್ನು ಎಳೆದು ಅಂಗಿಯೊಳಗೆ ತುರುಕಿ ಸ್ವಿಚ್ಚು ಹಾಕಿದೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿತು. ಯೋಚಿಸಿ ಮಾಡಿದ್ದು ಅದರ ನಂತರದ್ದು.

ಏಳಕ್ಕೆ ಮ್ಯಾನೇಜರ್ ಅಗಸ್ಟಿನ್ ಬಂದರು. ಕೋಳಿಯೆಲ್ಲ ಮೆತ್ತಗಾಗಿತ್ತು.

"ಬೈರಾಸು ಇತ್ತು ಸರ್, ಅದಕ್ಕೆ ನಾನು ಮುಟ್ಟಲಿಲ್ಲ. ಕಮಲಾಕ್ಷಣ್ಣ ಈಗ ಬರ್ತೇನೆ ಅಂತ ಟೈಲರ್ ಲೋಕಣ್ಣನಲ್ಲಿಗೆ ಹೋದವರು ಬರ್ಲಿಲ್ಲ" ಎಂದ ಮೊಯ್ದು, ನನ್ನತ್ತ ಕೈ ತೋರಿಸಿ.

"ಎಲ್ಲಿದೆ ಬೈರಾಸು?"

ಮೊಯ್ದು ಸ್ವಿಚ್ಚು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಯಾವ ಬೈರಾಸು?" ಎಂದೆ ನಾನು. "ನಾನು ಎಂಟು ಗಂಟೆವರೆಗೆ ಇಲ್ಲೇ ಇದ್ದೆ. ಕಂಪ್ರೆಸರ್ ಹಾಕಿಯೇ ಹೋದದ್ದು. ಆಮೇಲೆ ಇವನು ಏನು ಮಾಡಿದನೋ."

ಅಗಸ್ಟಿನ್ ಮೊಯ್ದುವಿನ ಪಾಸ್‌ಪೋರ್ಟ್ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು. ಶನಿವಾರ ಅರಬಾಬ್, ಅಂದರೆ ನಮ್ಮ ಅರಬಿ ಧಣಿ, ಬಂದ ಮೇಲೆ ವೀಸಾ ರದ್ದು, ಊರಿಗೆ. "ಲೋಕಯ್ಯನ ಹತ್ರವೂ ಒಂದು ಮಾತು ಕೇಳ್ತೇನೆ. ನನ್ನ ಅಂಗಿ ತರ್ಲಿಕ್ಕೆ ಶನಿವಾರ ಬೆಳಿಗ್ಗೆ ಹೋಗುವುದುಂಟು" ಎಂದರು.

ಹೊರಗೆ ಬಂದ ಮೇಲೆ ಮೊಯ್ದು ನನ್ನ ಹತ್ತಿರ ಗಲಾಟೆ ಮಾಡಲಿಲ್ಲ. "ಊರಲ್ಲಿ ಹೆಂಡತಿ ಝುಲೈಖಾಳಿಗೆ ಏನಂತ ಬರೆಯುವುದು ಕಮಲಾಕ್ಷಣ್ಣ? ಕೋಳಿ ಕರಗಿತು, ಹಾಗಾಗಿ ಬರ್ತಾ ಇದ್ದೇನೆ ಅಂತಲಾ?" ಎಂದ ಅಷ್ಟೆ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಲೋಕಯ್ಯನವರ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ನಾನು ಬಗ್ಗಿ ಒಳಗೆ ಹೋಗಿ, ಯಂತ್ರ ತುಳಿಯುತ್ತಿದ್ದ ಅವರ ಎದುರೇ ಅಳತೆಯ ಪುಸ್ತಕ ತೆರೆದು ನೋಡಿದೆ. ನನ್ನ ಹೆಸರು, ಜುಲೈ ಇಪ್ಪತ್ತನಾಲ್ಕು, ಸಂಜೆ ಆರು ಮುಕ್ಕಾಲು, ಊಟದ ಮೊದಲು, ಸೊಂಟ ಮೂವತ್ತನಾಲ್ಕು.

"ಈ ಹಾಳೆ ಹರಿದುಬಿಡಿ ಲೋಕಣ್ಣ."

"ಯಾಕೆ? ಪ್ಯಾಂಟು ಬೇಡವಾ?"

ನಡೆದದ್ದನ್ನೆಲ್ಲ ಹೇಳಿದೆ. ಅವರು ಯಂತ್ರದ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿ ಪೂರ್ತಿ ಕೇಳಿದರು.

"ಟೇಪು ಸುಟ್ಟುಬಿಡು ಅಂತ ಅವನಿಗೂ ಹೇಳಿದವರು ಇದ್ದಿರಬಹುದು" ಎಂದರು.

"ಅಮೆರಿಕ ಬಿಡಿ ಈಗ. ನೀವು ನನ್ನ ಜನವೋ ಸಿಐಡಿಯೋ?"

"ನಾನಾಗಿ ಹೋಗಿ ಅಗಸ್ಟಿನರಿಗೆ ಹೇಳುವುದಿಲ್ಲ. ಅವರು ಬಂದು ಕೇಳಿದರೆ ಪುಸ್ತಕ ತೆಗೆದು ತೋರಿಸ್ತೇನೆ. ಅವರು ಕೇಳುವ ಮೊದಲು ನೀನೇ ಹೇಳಿದರೆ ಪುಸ್ತಕ ತೆಗೆಯುವ ಕೆಲಸವೇ ಇಲ್ಲ."

ನಾನು ಕೈ ಬೀಸಿದೆ. ಗುಂಡಿಯ ಡಬ್ಬ ಕೆಳಗೆ ಬಿದ್ದು ನೌಕಾಪಡೆಯ ಕಪ್ಪು ಗುಂಡಿ, ಅಂಗಿಯ ಬಿಳಿ ಗುಂಡಿ ಎಲ್ಲ ಒಂದಾಗಿ ನೆಲದ ಮೇಲೆ ಹರಡಿದವು. ಅವರು ಸ್ಟೂಲಿನಿಂದ ಇಳಿದು ಒಂದೊಂದೇ ಹೆಕ್ಕಲು ಕೂತರು. ಐವತ್ತು ದಾಟಿದ ಮನುಷ್ಯ, ಮೊಣಕಾಲು ನೋವು ಬೇರೆ. ಸ್ವಲ್ಪ ಹೊತ್ತು ನೋಡಿ ನಾನೂ ಕೂತೆ.

"ಕಂಪ್ರೆಸರ್ ಮರೆತದ್ದು ಎಷ್ಟು ದೊಡ್ಡ ತಪ್ಪು?" ಎಂದು ಕೇಳಿದರು.

"ಬೈಗಳು ತಿನ್ನುವಷ್ಟು."

"ಬೈರಾಸು ಅಂಗಿಯೊಳಗೆ ಹಾಕಿದ್ದು?"

ಕಪ್ಪು ಗುಂಡಿ ಒಂದು ಕಡೆ, ಬಿಳಿ ಗುಂಡಿ ಒಂದು ಕಡೆ ಮಾಡಿ ಕೊಟ್ಟು ಎದ್ದು ಬಂದೆ.

ಶನಿವಾರ ಅಗಸ್ಟಿನ್ ಟೈಲರ್ ಅಂಗಡಿಗೆ ಹೊರಡುವ ಮೊದಲೇ ಅವರ ಮೇಜಿನ ಮೇಲೆ, ಮೊಯ್ದುವಿನ ಪಾಸ್‌ಪೋರ್ಟಿನ ಪಕ್ಕ, ಬೈರಾಸು ಇಟ್ಟೆ. "ಇದು ಅಲ್ಲಿಯೇ ಇತ್ತು. ಕಂಪ್ರೆಸರ್ ಬಂದ್ ಮಾಡಿ ಹೋದವ ನಾನು. ಬೆಳಿಗ್ಗೆ ಬೈರಾಸು ತೆಗೆದವನೂ ನಾನೇ" ಎಂದೆ.

"ಗುರುವಾರ ಎಂತ ಮಾಡ್ತಿದ್ದೆ ನೀನು? ಬಾಯಿ ಇರಲಿಲ್ವಾ?" ಎಂದರು ಅಗಸ್ಟಿನ್. ನನಗೆ ಸಿಟ್ಟು ಬರಲಿಲ್ಲ ಎಂಬುದು ನನಗೇ ಆಶ್ಚರ್ಯ.

ಅರಬಾಬ್ ಎಲ್ಲ ಕೇಳಿ ಮೊಯ್ದುವಿನ ಪಾಸ್‌ಪೋರ್ಟನ್ನು ವಾಪಸು ಕಪಾಟಿಗೆ ಹಾಕಿಸಿದರು. ನನ್ನನ್ನು ಆರು ತಿಂಗಳು ಮೆಕ್ಯಾನಿಕ್ ಕೆಲಸದಿಂದ ತೆಗೆದು ಲಾರಿಗೆ ಮಾಲು ಹೇರಲು ಹಾಕಿದರು. ಆಗಸ್ಟ್ ತಿಂಗಳಿನ ಬಹರೈನಿನಲ್ಲಿ ಲಾರಿಗೆ ಮಾಲು ಹೇರುವುದೆಂದರೆ ಏನೆಂದು ಹೇರಿದವರಿಗೆ ಗೊತ್ತು.

ಎರಡು ವಾರದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಲೋಕಯ್ಯ ರೂಮಿನ ಬಾಗಿಲಿಗೆ ಬಂದು, ಅಮೆರಿಕದ ಅಧ್ಯಕ್ಷ ರಾಜೀನಾಮೆ ಘೋಷಿಸಿದ ಎಂದರು. ಅವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. "ಟೇಪು ಹೊರಗೆ ಬಂದ ಮೇಲೆ ಹೋಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಎರಡು ವರ್ಷ ಮೊದಲೇ ಹೇಳಿದ್ದಿದ್ದರೆ ಕುರ್ಚಿ ಉಳೀತಿತ್ತೋ ಏನೋ" ಎಂದು ನನ್ನ ಪ್ಯಾಂಟು ಕೊಟ್ಟರು. ಹಾಕಿ ನೋಡಿದರೆ ಸಡಿಲ. ಮಾಲು ಹೇರಿ ಸೊಂಟ ಇಳಿದಿತ್ತು. ಅವರು ಅಲ್ಲೇ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡರು: ಮೂವತ್ತೆರಡೂವರೆ, ಬೆಳಿಗ್ಗೆ ಒಂಬತ್ತು, ಊಟದ ಮೊದಲು.

ಲೋಕಯ್ಯ ಎಂಬತ್ತಮೂರನೇ ಇಸವಿಯವರೆಗೆ ಅದೇ ಅಂಗಡಿಯಲ್ಲಿದ್ದರು. ಆಮೇಲೆ ಕಾಪುವಿಗೆ, ಹೆಂಡತಿ ಉಮಾವತಿಯಕ್ಕನಲ್ಲಿಗೆ ಹೋದರು. ಅಳತೆಯ ಪುಸ್ತಕಗಳನ್ನು ಅಂಗಡಿಗೆ ಬಂದ ಹೊಸ ಟೈಲರನಿಗೆ ಬಿಟ್ಟರು. ಅದರಲ್ಲಿ ಒಂದು ಹಾಳೆಯೂ ಹರಿದಿರಲಿಲ್ಲ.

ಮೊಯ್ದು ನನ್ನ ಹತ್ತಿರ ಒಂದು ತಿಂಗಳು ಮಾತಾಡಲಿಲ್ಲ. ಅದು ನ್ಯಾಯವೇ. ಮುಂದಿನ ಫೆಬ್ರವರಿಯಲ್ಲಿ ನನ್ನನ್ನು ಮತ್ತೆ ಕಂಪ್ರೆಸರಿಗೆ ಹಾಕಿದ ದಿನ ಅವನು ಗೇಟಿನಿಂದ ಎದ್ದು ಬಂದು, "ಇನ್ನು ನಿಮ್ಮ ಬೈರಾಸು ನೇತಾಡುವುದು ಕಂಡ್ರೆ ನಾನು ಸ್ವಿಚ್ಚು ಹಾಕಿಯೇ ಹಾಕ್ತೇನೆ ಕಮಲಾಕ್ಷಣ್ಣ, ಕೈ ಮುರಿಯುವುದಾದ್ರೆ ಮುರೀರಿ" ಎಂದ.

ಅವನಿಗೆ ಹಾಕಬೇಕಾಗಿ ಬರಲಿಲ್ಲ. ನಾನು ಬೈರಾಸನ್ನು ಮುಖ ಒರೆಸಲಿಕ್ಕೆ ಇಟ್ಟುಕೊಂಡೆ. ಸ್ವಿಚ್ಚಿಗೆ ಕೋಳಿಯ ಪೆಟ್ಟಿಗೆಯ ರಟ್ಟಿನ ಒಂದು ತುಂಡು ಕಟ್ಟಿ, ಬಂದ್ ಮಾಡಿದ ಗಂಟೆ, ಹಾಕಬೇಕಾದ ಗಂಟೆ, ಬಂದ್ ಮಾಡಿದವನ ಹೆಸರು ಬರೆಯತೊಡಗಿದೆ. ಅದರ ಕೆಳಗೆ ಒಂದು ಸಾಲು ಸೇರಿಸಿದೆ: ಹೇಳಿದ ಹೊತ್ತಿಗೆ ನಾನು ಬಾರದಿದ್ದರೆ ಯಾರು ಬೇಕಾದರೂ ಹಾಕಬಹುದು.