ಅರ್ಧ ನಿಮಿಷದ ಮೌನ

ಸರ್ ಅವರ ಕೆಳತುಟಿಯಲ್ಲಿ ಹಲ್ಲಿನ ಗುರುತು ಕಾಯಂ ಆಗಿತ್ತು. ನೆನಪಿನ ಪರೀಕ್ಷೆಗೆಂದು ಯಾರಾದರೂ ಅಂಕಿಗಳನ್ನು ಓದಿ ಹೇಳಿದರೆ ನಮ್ಮ ತುಟಿ ಗುಟ್ಟಾಗಿ ಅವನ್ನೇ ಜಪಿಸುತ್ತದೆ. ಆ ಕಳ್ಳಾಟ ಬೇಡವೆಂದು ಅವರು ತುಟಿ ಕಚ್ಚಿಕೊಂಡೇ ಕೇಳುತ್ತಿದ್ದರು. ಬಾಗಲಕೋಟೆಯ ಕಾಲೇಜಿನಲ್ಲಿ ನನಗೆ ಮನಃಶಾಸ್ತ್ರ ಕಲಿಸಿದವರು ಅವರು.

ಈಗ ಕೇಳಿದ್ದನ್ನು ಮರುಗಳಿಗೆಗೆ ಏಕೆ ಮರೆಯುತ್ತೇವೆ? ಹೊತ್ತು ಕಳೆದಂತೆ ತಾನೇ ಅಳಿಸಿಹೋಗುತ್ತದೆ ಎಂದು ಒಂದು ಪಂಗಡದ ವಿಜ್ಞಾನಿಗಳು. ಇಲ್ಲ, ಹೊಸದು ಬಂದು ಹಳೆಯದನ್ನು ಹೊರದಬ್ಬುತ್ತದೆ ಎಂದು ಇನ್ನೊಂದು ಪಂಗಡ. ಈ ಜಗಳ ಇನ್ನೂ ಬಗೆಹರಿದಿಲ್ಲ. ಸರ್ ಎರಡನೆಯವರ ಕಡೆ, ಅದೂ ಹಟ ಹಿಡಿದು. ಅವರು ಇಳಕಲ್ಲಿನ ನೇಕಾರರ ಮನೆಯವರು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವಾಗ ಅವರ ಅವ್ವ ಎಣಿಸುತ್ತಿದ್ದಳಂತೆ.

"ನಾ ಬಾಯಿ ತಗದ್ರ ಸಾಕು, ಎಣಿಕಿ ತಪ್ಪತಿತ್ತು. ಸುಮ್ನ ಕುಂತ್ರ ತಪ್ತಿದ್ದಿಲ್ಲ. ಇದಕ್ಕಿಂತ ಪುರಾವೆ ಬೇಕೇನು?" ಎನ್ನುತ್ತಿದ್ದರು. ಅವ್ವ ಮನಸ್ಸಿನಲ್ಲೇ ಜಪಿಸುತ್ತಿದ್ದಳಲ್ಲ, ಎಣಿಕೆ ಉಳಿದದ್ದು ಅದರಿಂದಲೇ ಇರಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಒಂದು ವಾರ ಮುನಿಸಿಕೊಂಡಿದ್ದರು.

ನಿವೃತ್ತಿಯ ನಂತರ ನವನಗರದಲ್ಲಿ ಒಬ್ಬರೇ ಇದ್ದರು, ಮದುವೆಯಾಗಿರಲಿಲ್ಲ. ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ಕೇಳಿದ್ದು ಮಾತ್ರ ತಲೆಯಲ್ಲಿ ನಿಲ್ಲದಾಯಿತು. ಆಗಿನಿಂದ ಭಾನುವಾರ ನನ್ನನ್ನು ಕರೆಸುತ್ತಿದ್ದರು. ಫ್ಯಾನ್ ಬಂದ್, ಕಿಟಕಿ ಬಂದ್. ನಾನು ಐದು ಅಂಕಿ ಓದಬೇಕು, ಅರ್ಧ ನಿಮಿಷ ಇಬ್ಬರೂ ಸುಮ್ಮನಿರಬೇಕು, ಆಮೇಲೆ ಅವರು ಹೇಳಬೇಕು. ನಡುವೆ ಏನೂ ಬಾರದಿದ್ದರೆ ಅಂಕಿ ಉಳಿಯಲೇಬೇಕು ಎಂಬುದು ಅವರ ವಾದ. ವಾರ ಕಳೆದಂತೆ ಸರಿಯಾಗಿ ಹೇಳುವ ಅಂಕಿ ಐದಿದ್ದದ್ದು ಮೂರಾಯಿತು, ಎರಡಾಯಿತು. ಆ ಮೌನ ನನಗೆ ತಡೆಯಲಾಗುತ್ತಿರಲಿಲ್ಲ. ಆ ಮನೆಯಲ್ಲಿ ಹೊಸದಾಗಿ ಬರುವುದಾದರೂ ಏನಿತ್ತು?

ಒಂದು ಭಾನುವಾರ ಎಲ್ಲವೂ ತಪ್ಪಿದವು. "ಎಲ್ಲಾ ಸರಿ ಅದಾವ್ರಿ ಸರ್" ಎಂದು ವಹಿಯಲ್ಲಿ ಸರಿ ಗುರುತು ಹಾಕಿದೆ.

ಸರ್ ನನ್ನ ಮುಖವನ್ನೇ ನೋಡಿದರು. "ಸುಳ್ಳ ಬರದಿ ಹೌದಿಲ್ಲೋ? ನಾ ಏನ ಹೇಳಿದೆ ಅನ್ನೂದು ನನಗ ನೆನಪಿಲ್ಲ. ಆದ್ರ ನಿನ್ನ ಮಾರಿ ಓದಾಕ ಬರ್ತೈತಿ. ನೀನೊಬ್ಬಾಕಿ ಖರೆ ಹೇಳ್ತಿ ಅಂತ ಕರಸ್ತೇನಿ. ನೀನೂ ತಿದ್ದಾಕ ನಿಂತ್ರ ನನಗ್ಯಾರ ಉಳದ್ರು?"

ನಾಚಿಕೆಯಿಂದ ಗುರುತನ್ನು ಹೊಡೆದುಹಾಕಿದೆ.

"ತಾನ ಅಳಸಿ ಹೋಗತೈತಿ ಅನ್ನೂ ಆ ಕಡಿಯವ್ರದ ಖರೆ ಇರಬೇಕು. ಬರಕೋ. ಆದ್ರ ಒಂದ ತಲಿ ನೋಡಿ ತೀರ್ಮಾನ ಮಾಡಬ್ಯಾಡ, ಅದೂ ಕೆಟ್ಟ ತಲಿ" ಎಂದು ನಕ್ಕರು.

ಮರುವಾರ ಆ ಸೋಲೇ ಅವರಿಗೆ ನೆನಪಿರಲಿಲ್ಲ. ಅದೇ ಹಟ, ಅದೇ ವಾದ. ಪ್ರತಿ ಭಾನುವಾರ ಹೊಸದಾಗಿ ಸೋಲುತ್ತಿದ್ದರು, ಪ್ರತಿ ಭಾನುವಾರ ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಕಳೆದ ಮಾಘದಲ್ಲಿ ತೀರಿಕೊಂಡರು. ಈಗ ನಾನು ಚೆನ್ನಾಗಿದ್ದೇನೆ ಎಂದು ಯಾರಿಗೆ ಹೇಳಿದರೂ, ನನ್ನ ಮುಖ ನೋಡದೆಯೇ ನಂಬಿಬಿಡುತ್ತಾರೆ.