ಕಾಕಾ ಕಟ್ಟಿದ ಟೇಬಲ್ ಮಂಚ

ಹೋದ ವಾರ ಬಸವಕಲ್ಯಾಣದ ಫರ್ನಿಚರ್ ಅಂಗಡಿಯೊಂದರಲ್ಲಿ ಸೋಫಾ ನೋಡುತ್ತಿದ್ದೆ. ಒಳಗೆಲ್ಲ ಹೊಸ ವಾರ್ನಿಶ್ ವಾಸನೆ. ಅಂಗಡಿಯವನು ಸೋಫಾ ಎಳೆದು ಮಂಚ ಮಾಡಿ ತೋರಿಸಿದ. ನಾನು ಮೇಲೆ ಕೂತು ನೋಡುವುದು ಬಿಟ್ಟು, ಬಗ್ಗಿ ಅದರ ಕೆಳಗೆ ನೋಡಿದೆ.

"ಕೆಳಗ ಏನ್ ನೋಡಾಕತ್ತೀರಿ?" ಎಂದ.

ಯಾರಾದರೂ ಮಲಗಿದ್ದಾರೇನೋ ಎಂದು ನೋಡಿದೆ ಅಂತ ಹೇಳುವುದು ಹೇಗೆ? ಆ ವಾಸನೆಗೆ ನಮ್ಮ ಪಕ್ಕದ ಮನೆಯ ಕಾಕಾ ನೆನಪಾಗಿದ್ದರು...

ಕಾಕಾ ಪ್ರಾಯದಲ್ಲಿ ಮುಂಬೈಗೆ ಹೋಗಿ, ಯಾರೋ ಸಾಹುಕಾರರ ಹಾಯಿದೋಣಿಯಲ್ಲಿ ಅಡುಗೆ ಮಾಡಿಕೊಂಡಿದ್ದವರು. ಊರಿಗೆ ಮರಳಿದ ಮೇಲೂ ಸಮುದ್ರ ಅವರ ತಲೆಯಿಂದ ಇಳಿದಿರಲಿಲ್ಲ. ಅವರ ಮಾತು ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ದೋಣಿಯಲ್ಲಿ ಊಟದ ಟೇಬಲ್ಲೇ ಮಲಗುವ ಹೊತ್ತಿಗೆ ಮಂಚವಾಗುತ್ತದಂತೆ! ಉಂಡ ಜಾಗದಲ್ಲೇ ಯಾರಾದರೂ ಮಲಗುತ್ತಾರೆಯೇ ಎಂದು ನನ್ನ ಅವ್ವ ಮೂಗು ಮುರಿಯುತ್ತಿದ್ದಳು.

ಕಾಕಾ ಅವರ ಮಗಳ, ನಾನು ಅಕ್ಕ ಎಂದು ಕರೆಯುತ್ತಿದ್ದವಳ, ಚೊಚ್ಚಲ ಹೆರಿಗೆ ಹತ್ತಿರ ಬಂದಾಗ ಆ ಟೇಬಲ್ಲೇ ಬೇಕಾಯಿತು. ಕಾಕಾ ಅವರದು ಒಂದೇ ಕೋಣೆಯ ಮನೆ. ಮಂಚ ಹಾಕಿದರೆ ಅವರ ಹೆಂಡತಿ ಕಾಕು ಹೊಲಿಗೆಯ ಬಟ್ಟೆ ಕತ್ತರಿಸಲು ಜಾಗವಿಲ್ಲ. ಬಾಣಂತಿ ಮಲಗುವುದೆಲ್ಲಿ ಎಂದು ಹುಮನಾಬಾದಿನ ಬೀಗರು ಕೇಳಿ ಕಳಿಸಿದ್ದರು. ಮಗಳು ತವರಿಗೆ ಬರುವುದೇ ಅನುಮಾನವಾಯಿತು.

ಕಾಕಾ ಎರಡು ಬೆಂಚು ಮಾಡಿ ನಡುವೆ ಟೇಬಲ್ ಕೂರಿಸಿದರು. ಟೇಬಲ್ಲಿನ ಕಾಲು ಮಡಚಿ ಹಲಗೆ ಇಳಿಸಿದರೆ ಬೆಂಚುಗಳಿಗೆ ಸಮನಾಗಿ ಕೂತು ಮಂಚವಾಗುತ್ತಿತ್ತು. ಹಲಗೆ ಕೆಳಗೆ ಬೀಳದಂತೆ ಅಡಿಯಲ್ಲೊಂದು ಚಿಲಕ. ಅದೂ ಸಾಲದೆಂದು, ದೋಣಿಯಲ್ಲಿ ಮಾಡುವಂತೆ, ಸುತ್ತಲೂ ದಪ್ಪ ಬಟ್ಟೆಯ ಪಟ್ಟಿ ಬಿಗಿದು ಗಂಟು ಹಾಕಿದರು.

"ಇಲ್ಲಿ ನೀರಿಲ್ಲ ಏನಿಲ್ಲ. ಮನಿ ಅಲಗ್ಯಾಡ್ತದೇನ್ರಿ?" ಎಂದು ಕಾಕು ನಕ್ಕರು.

"ಚಿಲಕಾ ನಂಬಬಾರದು. ಒಮ್ಮಿ ದೋಣ್ಯಾಗ ಕಳಚಿತ್ತು. ಸಾಹುಕಾರ್ರ ಸಣ್ಣ ಹುಡುಗಿ..." ಎಂದ ಕಾಕಾ ಅಲ್ಲಿಗೇ ನಿಲ್ಲಿಸಿದರು. ಆ ಹುಡುಗಿಗೆ ಏನಾಯಿತೋ, ಇಂದಿಗೂ ನನಗೆ ಗೊತ್ತಿಲ್ಲ.

ಮಂಚ ನೋಡಲು ಬಂದ ಬೀಗಿತ್ತಿ ಪಟ್ಟಿ ಕಂಡದ್ದೇ ತಡ, ಹೌಹಾರಿದರು.

"ದಿನಾ ತುಂಬಿದಾಕಿ ಮಲಗೋ ಜಾಗಾದಾಗ ಗಂಟ ಹಾಕ್ತಾರೇನ್ರಿ? ಇದ ಬಿಚ್ಚಿದ್ರ ಸೊಸಿನ್ನ ಕಳಸ್ತೀನಿ. ಇಲ್ಲಂದ್ರ ಇಲ್ಲ."

ಗಂಟಿದ್ದರೆ ಹೆರಿಗೆ ತಡೆಯುತ್ತದೆಂದು ನಮ್ಮ ಕಡೆ ಆ ಹೊತ್ತಿಗೆ ಜಡೆಯ ಗಂಟನ್ನೂ ಬಿಚ್ಚುತ್ತಾರೆ. ಕಾಕಾ ಹೆಂಡತಿಯ ಮುಖ ನೋಡಿದರು, ಬೀಗಿತ್ತಿಯ ಮುಖ ನೋಡಿದರು. ಆಮೇಲೆ ಸುಮ್ಮನೆ ಪಟ್ಟಿ ಬಿಚ್ಚಿ ಸುತ್ತಿಟ್ಟರು.

ಅಕ್ಕ ಬಂದಳು, ಹೆರಿಗೆಯೂ ಸುಸೂತ್ರವಾಯಿತು. ಗಂಟು ಬಿಚ್ಚಿದ್ದಕ್ಕೇ ಎಂದರು ಎಲ್ಲರೂ. ಪಟ್ಟಿ ಮತ್ತೆ ಕಟ್ಟಲು ಯಾರೂ ಬಿಡಲಿಲ್ಲ. ಅಕ್ಕ ಕೂಸಿನೊಂದಿಗೆ ಮಂಚದ ಮೇಲೆ ಮಲಗಿದರೆ, ಕಾಕಾ ತಾವು ದಿನಾ ಮಲಗುತ್ತಿದ್ದ ಹೊರಗಿನ ಕಟ್ಟೆ ಬಿಟ್ಟು ಬಂದು ಅದರ ಕೆಳಗೆ ಚಾಪೆ ಹಾಸಿಕೊಂಡರು. ಓಣಿಗೆಲ್ಲ ನಗೆಯೋ ನಗೆ. ಒಂದು ಮಧ್ಯಾಹ್ನ, ಉರುಳಿಹೋದ ಗೋಲಿ ಹುಡುಕುತ್ತ ನಾನು ಅಲ್ಲಿ ತೂರಿದೆ. ಕಾಕಾ ಅಂಗಾತ ಮಲಗಿ, ಒಂದು ಕೈ ಮೇಲೆತ್ತಿ ಚಿಲಕ ಹಿಡಿದುಕೊಂಡಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಇದೆಂಥ ಆಟವೋ ತಿಳಿಯದೆ ನಾನೂ ಬೆರಳಿಟ್ಟೆ.

ಎರಡನೆಯ ಹೆರಿಗೆಗೆ ಅಕ್ಕ ಬರಲೇ ಇಲ್ಲ. ಕಾಕಾ ಮಂಚಕ್ಕೆ ಹೊಸದಾಗಿ ವಾರ್ನಿಶ್ ಬಳಿದು ಕಾದಿದ್ದರು.

"ಪಟ್ಟಿ ಇಲ್ದ ಅಕಿಗಿ ಅಂಜಿಕಿ ಬಂದಿರಬೇಕು," ಎಂದರು ನನ್ನ ಮುಂದೆ. "ನನ್ನ ಮಂಚದ ಮ್ಯಾಲಿನ ಭರೋಸಾ ಹೋಯ್ತು ನೋಡು."

ಇರಬಹುದೇನೋ ಎಂದುಕೊಂಡೆ. ಆದರೆ ಅಕ್ಕ ಯಾವತ್ತೂ ಅಂಜುಬುರುಕಿಯಲ್ಲ... ನನಗೊಂದೂ ಬಗೆಹರಿಯಲಿಲ್ಲ. ಕಾಕಾ ತೀರಿಕೊಂಡೂ ವರ್ಷಗಳಾದವು.

ಅಂದು ಸೋಫಾ ಕೊಳ್ಳದೆ, ಯಾಕೋ ಏನೋ, ಬಸ್ಸು ಹತ್ತಿ ಹುಮನಾಬಾದಿನ ಅಕ್ಕನ ಮನೆಗೆ ಹೋದೆ. ಮಾತಿಗೆ ಮಾತು ಬಂದು ಕೇಳಿಯೇಬಿಟ್ಟೆ.

"ಮಂಚ ಚಲೋ ಇತ್ತಪ, ಮಸ್ತ್ ನಿದ್ದಿ ಬರತಿತ್ತು," ಎಂದಳು. "ಆದ್ರ ನನ್ನ ಸಲುವಾಗಿ ಅಪ್ಪಗ ಜಾಗಾ ಇಲ್ದಂಗಾಗಿ ಕೆಳಗ ಬಿದ್ದಿದ್ದ. ಮಂದಿ ನಗತಿದ್ರು. ಮತ್ತೊಮ್ಮಿ ಅಪ್ಪಗ ಆ ಗತಿ ಬ್ಯಾಡಂತ ನಾ ಬರಲಿಲ್ಲ."

ಚಿಲಕ ಹಿಡಿದಿದ್ದ ಕೈಯ ವಿಷಯ ಹೇಳಿದೆ.

"ಅಂದ್ರ, ಜಾಗಾ ಇಲ್ಲಂತ ಅಲ್ಲೇನು?" ಎಂದಳು ಅಕ್ಕ.

ಅಕ್ಕನಿಗೇನೋ ಹೇಳಿದೆ. ಮಗಳು ಅಂಜಿದಳೆಂದೇ ತಿಳಿದು ಹೋದ ಕಾಕಾಗೆ ಇನ್ನು ಹೇಳುವವರು ಯಾರು?