ಗಂಜಿ ಅಂತ ಬರೆದ ಬೋರ್ಡು

ಸಮುದ್ರ ಅನ್ನೋದನ್ನ ನಮ್ಮ ಕಡಿ ಮಂದಿ ನೋಡಿದ್ದು ಕ್ಯಾಲೆಂಡರ್‌ನಾಗ. ಅಂಥ ಸೀಮಿಗೆ ಸಮುದ್ರದಾಗ ಎದ್ದ ಚಂಡಮಾರುತ ಬಂದು ಬಡೀತೈತಿ ಅಂದ್ರ ಯಾರು ನಂಬ್ತಾರ್ರಿ? ಬಂಗಾಳ ಕೊಲ್ಲಿ ಎಲ್ಲಿ, ನಮ್ಮ ಕೂಡ್ಲಿಗಿ, ಕೊಟ್ಟೂರು ಎಲ್ಲಿ. ರೇಡಿಯೋದಾಗ ಹೇಳಿದಾಗ ನಾವು ಆಫೀಸಿನಾಗ ಚಾ ಕುಡ್ಕೊಂತ ನಕ್ಕಿದ್ವಿ. "ಬರ್ಲಿ ಬಿಡ್ರಿ, ಹಿಂಗಾರಿ ಜ್ವಾಳಕ್ಕ ಚಲೋ ಹದ ಆಗ್ತೈತಿ" ಅಂದ್ರು ಒಬ್ರು. ಮಹಾನವಮಿ ಮುಗಿದು ಬನ್ನಿ ಹಂಚಿದ್ದೂ ಆಗಿತ್ತು. ಚಿತ್ತಿ ಮಳಿ ನಮ್ಮಲ್ಲಿ ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಆ ವರ್ಷ ಬಂದದ್ದು ಹೋಗಲೇ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿದ್ವು, ಹಳ್ಳಿಗೂ ಮೊಬೈಲು ಬಂದಿದ್ವು. ನಾನು ಒಂದು ತಾಲೂಕು ಆಫೀಸಿನಾಗ ಕ್ಲಾರ್ಕ್ ಇದ್ದೆ. ಯಾವ ತಾಲೂಕು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ಹೆಂಗಸಾದ್ರೂ ನನ್ನ ಗಂಟಲು ದೊಡ್ಡದು. ಸಿಟ್ಟೂ ಮೂಗಿನ ತುದಿ ಮ್ಯಾಲೆ. ತಹಶೀಲ್ದಾರ್ರು ಎರಡನ್ನೂ ನೋಡಿ ನನ್ನ ಕಂಟ್ರೋಲ್ ರೂಮಿಗೆ ಹಾಕಿದ್ರು. ಕಂಟ್ರೋಲ್ ರೂಮು ಅಂದ್ರ ಏನೋ ಅನ್ಕೋಬ್ಯಾಡ್ರಿ. ರೆಕಾರ್ಡ್ ರೂಮಿನ ಪಕ್ಕದ ಖೋಲಿ, ಒಂದು ಟೇಬಲ್ಲು, ಒಂದು ಫೋನು, ಸೋರೋ ಜಾಗಕ್ಕ ಒಂದು ಬಕೀಟು. ಯಾವ ಹಳ್ಳ ಬಂದೈತಿ, ಎಲ್ಲಿ ಮನಿ ಬಿದ್ದೈತಿ, ಯಾವ ಊರಿಗೆ ಅಕ್ಕಿ ಹೋಗಬೇಕು, ಬೋಟು ಎಲ್ಲಿ ಐತಿ, ಎಲ್ಲಾ ನನ್ನ ಬಾಯಿಂದನ ಹೋಗಬೇಕು.

ಬೋಟು ಇದ್ದದ್ದು ಒಂದ. ಅದನ್ನ ಕರಿಯೋರು ಹೊಳಿ ದಂಡಿ ಉದ್ದಕ್ಕೂ. ನಾವು ಕೇಳಿದ್ರ ಹಗರಿಬೊಮ್ಮನಹಳ್ಳಿ ಕಡಿ ಹೋಗೈತಿ ಅಂತಿದ್ರು, ಅಲ್ಲಿಗೆ ಫೋನ್ ಮಾಡಿದ್ರ ನಿಮ್ಮ ಕಡಿಗೇ ಬಂದೈತಲ್ರಿ ಅಂತಿದ್ರು. ಆಮ್ಯಾಲೆ ಗೊತ್ತಾತು, ಅದು ಲಾರಿ ಮ್ಯಾಲೆ ಹೆದ್ದಾರಿಯಾಗ ನಿಂತಿತ್ತು, ಮುಂದಿನ ಸೇತುವಿ ಮುಳುಗಿತ್ತು. ನೀರಾಗ ಹೋಗೋ ಬೋಟು ನೀರು ಬಂದೈತಿ ಅಂತ ನಿಂತಿತ್ತು ನೋಡ್ರಿ. ನಾನು ಅವತ್ತು ಫೋನ್ ಕುಕ್ಕಿದ್ದಕ್ಕ ಅದರ ಹಿಡಿಕಿ ಸೀಳಿ, ದಾರ ಸುತ್ತಿ ಇಟ್ಕೊಂಡಿದ್ವಿ.

ನಮ್ಮ ಆಫೀಸಿಗೆ ಬರಗಾಲ ಗೊತ್ತಿತ್ತು, ನೆರಿ ಗೊತ್ತಿರಲಿಲ್ಲ. ಟ್ಯಾಂಕರ್ ಕಳಿಸು ಅಂದ್ರ ಕಣ್ಣು ಮುಚ್ಕೊಂಡು ಕಳಸ್ತಿದ್ವಿ. ಮಂದಿನ್ನ ನೀರಿನಿಂದ ಎತ್ತಿ ತಗೊಂಡ್ಬರ್ರಿ ಅಂದ್ರ ಒಬ್ಬರ ಮುಖ ಒಬ್ರು ನೋಡ್ತಿದ್ವಿ. ಸ್ಟೋರಿನಾಗ ಹಿಂದಿನ ಬರಗಾಲದ ಬಟ್ಟಿ ಬೋರ್ಡು ಇದ್ವು, 'ಬರ ಪರಿಹಾರ ಗಂಜಿ ಕೇಂದ್ರ' ಅಂತ. 'ಬರ' ಅನ್ನೋದರ ಮ್ಯಾಲೆ ಬಿಳಿ ಕಾಗದ ಅಂಟಿಸಿ 'ನೆರೆ' ಅಂತ ಬರೆದು ಊರೂರಿನ ಸಾಲಿಗೆ ಕಟ್ಟಿಸಿದ್ವಿ. ಮಳಿಗೆ ಕಾಗದ ಒಂದು ಹೊತ್ತೂ ನಿಲ್ಲಲಿಲ್ಲ, ಹೋಗೋವಾಗ ಕೆಳಗಿನ 'ಬರ'ದ ಬಣ್ಣಾನೂ ಕಿತ್ಕೊಂಡು ಹೋತು. ಕೊನಿಗೆ ಉಳಿದದ್ದು ಪರಿಹಾರ ಗಂಜಿ ಕೇಂದ್ರ ಅನ್ನೋದೊಂದ.

ಈಗ ನಮ್ಮಕ್ಕನ ವಿಷಯ ಹೇಳ್ತೀನಿ. ಇದೆಲ್ಲಾ ಹೇಳಾಕ ಹತ್ತಿದ್ದೇ ಅದಕ್ಕ.

ಅಕ್ಕನ್ನ ಕೊಟ್ಟದ್ದು ಮೈಲಾರದ ಕಡಿ ಹೊಳಿ ದಂಡಿಯ ಒಂದು ಊರಿಗೆ. ಮಕ್ಕಳಿಲ್ಲ. ಅಕಿ, ಅಕಿ ಗಂಡ ನಮ್ಮ ಮಾವ, ಎರಡು ಎತ್ತು, ಒಂದು ಎಮ್ಮಿ. ತೊಲಿ ಮ್ಯಾಲೆ ಮಣ್ಣು ಹಾಸಿದ ಹಳೆ ಮಾಳಗಿ ಮನಿ, ಮುಂದ ದೊಡ್ಡ ಕಟ್ಟಿ. ಆ ಕಟ್ಟಿಗೇ ಊರಾಗ ಅವರಿಗೆ ಕಟ್ಟಿಮನಿಯವರು ಅಂತಿದ್ರು. ಮೈಲಾರಕ್ಕ ನಡಕೊಂಡು ಹೋಗೋ ಭಕ್ತರು ಆ ಕಟ್ಟಿ ಮ್ಯಾಲೆ ಕುಂತು ರೊಟ್ಟಿ, ಪುಂಡಿಪಲ್ಯ ಉಂಡು ಮುಂದ ಹೋಗ್ತಿದ್ರು. ಅತ್ತಿ ಕಾಲದಿಂದ ಬಂದದ್ದು. ಅಕ್ಕನ ಕೈ ಅಂಥದ್ದು, ಉಣ್ಣೋದಕ್ಕಿಂತ ನೀಡೋದ ಜಾಸ್ತಿ. ನಾನು ಹೋದ್ರೂ ನನ್ನ ಗಂಗಾಳ ಖಾಲಿ ಆಗಾಕ ಬಿಡ್ತಿರಲಿಲ್ಲ, ಬ್ಯಾಡ ಅಂದ್ರ "ಸರ್ಕಾರಿ ಹೊಟ್ಟಿ ಅಲ್ಲೇನಲೇ ನಿಂದು, ಇಷ್ಟಕ್ಕ ಹೆಂಗ ತುಂಬ್ತೈತಿ" ಅಂತಿದ್ಲು.

ಮಳಿ ಹಿಡಿದ ಮೊದಲನೇ ದಿನನ ಫೋನ್ ಮಾಡಿ ನಮ್ಮ ಮನಿಗೆ ಬರ್ರಿ ಅಂದೆ. ಎಮ್ಮಿ ಗಬ್ಬ ಐತಿ, ಬಿಟ್ಟು ಹೆಂಗ ಬರ್ಲಿ ಅಂದ್ಲು. ಮರುದಿನ ಅವರ ಊರಿಗೂ ನಮಗೂ ನಡುವಿನ ಹಳ್ಳ ಬಂತು. ರಸ್ತಿ ಹೋತು. ಇನ್ನ ಅವರಿಗೆ ಉಳಿದ ಜಾಗ ಅಂದ್ರ ಊರ ಹೊರಗಿನ ದಿಬ್ಬದ ಮ್ಯಾಲಿನ ಸಾಲಿ ಒಂದ. ಆರ್‌ಸಿಸಿ ಕಟ್ಟಡ, ಗಟ್ಟಿ ಇತ್ತು. ಹಳ್ಳ ಬರೋದಕ್ಕಿಂತ ಮುಂಚೆ ಅಲ್ಲಿಗೆ ಅಕ್ಕಿ, ಬ್ಯಾಳಿ, ಗ್ಯಾಸ್ ಒಲಿ ನಾನ ಕಳಿಸಿದ್ದೆ. ಬೋರ್ಡೂ ಕಳಿಸಿದ್ದೆ.

ಹೊಳಿ ಪಕ್ಕದ ಕೆಲವು ಮನಿಯವರು ನೀರು ಒಳಗ ಬಂತು ಅಂತ ಸಾಲಿಗೆ ಹೋದ್ರು. ಉಳಿದವರು ಯಾರೂ ಹೋಗಲಿಲ್ಲ. ಬ್ಯಾರೆ ಊರಿಂದಾನೂ ಹಂಗ ಸುದ್ದಿ ಬರಾಕ ಹತ್ತಿತು, ಅಕ್ಕಿ ಐತಿ, ಅಡಗಿಯವರು ಅದಾರ, ಉಣ್ಣೋರಿಲ್ಲ. ಮ್ಯಾಲಿನ ಆಫೀಸಿನವರು ಜನಕ್ಕ ತಿಳುವಳಿಕಿ ಇಲ್ಲ ಅಂತ ಬೈದ್ರು. ತಿಳುವಳಿಕಿ ಇತ್ತು, ಅದ ತೊಂದ್ರಿ. ನಮ್ಮ ಕಡಿ ಗಂಜಿ ಕುಡಿದ ಮನಿತನ ಅಂದ್ರ ಅದು ಬೈಗುಳ. ತಾತನ ಕಾಲದ ಬರದಾಗ ಯಾರು ಗಂಜಿಗೆ ಸಾಲು ನಿಂತಿದ್ರು ಅನ್ನೋದನ್ನ ಹೆಣ್ಣು ತರೋವಾಗ ಇನ್ನೂ ಮಾತಾಡ್ತಾರ. ಹಸಿವಿಯಿಂದ ಸತ್ತವರ ಹೆಸರು ಮರ್ತಾರ, ಗಂಜಿ ಕುಡಿದವರ ಹೆಸರು ಮರೆತಿಲ್ಲ.

ಅಕ್ಕಗ ಮತ್ತ ಫೋನ್ ಮಾಡಿದೆ. ಅಕಿ ಹೇಳಿದ್ಲು, "ಗೇಟಿನ ತನಕ ಹೋಗಿದ್ದೆನಲೇ. ಗಂಟು ಕಟ್ಕೊಂಡ ಹೋಗಿದ್ದೆ. ಮ್ಯಾಲೆ ಬೋರ್ಡ್ ನೋಡಿದೆ, ಕಾಲು ಮುಂದ ಬರಲಿಲ್ಲ. ಹೊಳ್ಳಿ ಬಂದೆ."

ಅಕಿ ಎರಡನೇತ್ತ ತನಕ ಸಾಲಿ ಕಲ್ತಿದ್ಲು. ಅಕ್ಷರ ಜೋಡಿಸಿ ಜೋಡಿಸಿ ಓದ್ತಿದ್ಲು. ಮಾವಗ ಅಷ್ಟೂ ಬರ್ತಿರಲಿಲ್ಲ. ಅಕಿಗೆ ಓದಾಕ ಬರಬಾರದಿತ್ತು ಅಂತ ನನಗ ಇವತ್ತಿಗೂ ಅನಸ್ತೈತಿ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂದಂಗಾತು ನಿಂದು" ಅಂತ ಬೈದೆ. "ಜೀವ ದೊಡ್ಡದೋ ಬೋರ್ಡು ದೊಡ್ಡದೋ?"

"ನೀಡಿದ ಕೈಲೆ ಒಡ್ಡು ಅಂತೀಯೇನು? ಇಷ್ಟು ಮಂದಿ ಉಂಡು ಹೋಗ್ಯಾರ ಈ ಕಟ್ಟಿ ಮ್ಯಾಲೆ. ನಾಳೆ ಅವರ ಬಂದು, ಅಲ್ಲ ಕಟ್ಟಿಮನಿಯವ್ವ, ಗಂಜಿಗೆ ಕುಂತಿದ್ದಿಯಂತಲ್ಲ ಅಂದ್ರ ನಾನು ಎಲ್ಲಿ ಮುಖ ಇಡ್ಲಿ? ಒಂದು ಮಾತು ಹೇಳ್ತೀನಿ ಕೇಳು. ಅದನ್ನ ದಾಸೋಹ ಅಂತ ಮಾಡ್ರಿ, ಊರಿಗೆ ಊರ ಬರ್ತೈತಿ. ನಾನ ಮುಂದ ನಿಂತು ನೀಡ್ತೀನಿ."

ಅಕಿ ಹೇಳಿದ್ದು ಖರೆ ಇತ್ತು. ಮಠದಾಗ, ಗುಡಿಯಾಗ ದಾಸೋಹ ಅಂದ್ರ ಸಾಹುಕಾರನೂ ನೆಲದ ಮ್ಯಾಲೆ ಕುಂತು ಉಣ್ತಾನ. ಅದ ಅಕ್ಕಿ, ಅದ ಬ್ಯಾಳಿ. ದಾಸೋಹ ಅಂದ್ರ ಮರ್ಯಾದಿ, ಗಂಜಿ ಅಂದ್ರ ಭಿಕ್ಷಾ.

ನಾನು ತಹಶೀಲ್ದಾರ್ರ ಹತ್ರ ಹೋದೆ. ಅವರು ಬ್ಯಾರೆ ಸೀಮಿಯವರು, ಕೆಟ್ಟ ಮನುಷ್ಯ ಅಲ್ಲ. ಮಳಿ ಹಿಡಿದಾಗಿಂದ ಮನಿಗೆ ಹೋಗದ ಮುಖ, ಗಡ್ಡ ಬೆಳೆದಿತ್ತು. ಬೋರ್ಡು ಬದಲು ಮಾಡೂಣ್ರಿ ಸರ್, ದಾಸೋಹ ಅಂತ ಬರೆಸೂಣು ಅಂದೆ. ಅವರು ನನ್ನ ನೋಡಿ ಸಣ್ಣಗೆ ನಕ್ಕರು.

"ಮೇಡಂ, ನೀವು ಹೇಳೋದು ಸರಿ ಇದೆ. ಆದ್ರೆ ಸುತ್ತೋಲೆಯಲ್ಲಿ ಗಂಜಿ ಕೇಂದ್ರ ಅಂತಾನೇ ಇದೆ. ದಿನಾ ಬೋರ್ಡಿನ ಜೊತೆ ಫೋಟೋ ಕಳಿಸ್ಬೇಕು. ದಾಸೋಹ ಅಂತ ಫೋಟೋ ಹೋದ್ರೆ, ಇದು ಯಾವ ಮಠದ್ದು, ನಮ್ದೆಲ್ಲಿ ಅಂತ ಕೇಳ್ತಾರೆ. ನಾಳೆಯಿಂದ ಅಕ್ಕಿನೂ ನಿಲ್ಲಿಸ್ತಾರೆ."

"ಫೋಟೋಕ್ಕ ಒಂದು ಬೋರ್ಡು, ಊಟಕ್ಕ ಒಂದು ಬೋರ್ಡು ಇಡೂಣ್ರಿ."

"ಮೇಲೆ ಕೇಳಿ ಹೇಳ್ತೀನಿ" ಅಂದ್ರು. ಕೇಳಿದ್ರು, ಸುಳ್ಳು ಹೇಳಂಗಿಲ್ಲ. ನನ್ನ ಮುಂದನ ಫೋನ್ ಮಾಡಿ ಕೇಳಿದ್ರು. ಆ ಕಡಿಯವರು ಏನಂದ್ರೋ, ಇವರು ಬರೀ "ಆಯ್ತು ಸರ್, ಆಯ್ತು ಸರ್" ಅಂದು ಇಟ್ಟರು. ಇಟ್ಟಮ್ಯಾಲೆ ನನ್ನ ಕಡಿ ನೋಡಲಿಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರ. ನಮ್ಮಲ್ಲಿ ಪೂಜಾರಿ ಒಪ್ಪಿದ್ದ, ದೇವರು ಒಪ್ಪಲಿಲ್ಲ.

ಅವತ್ತು ಮಧ್ಯಾಹ್ನದಿಂದ ಮನಿ ಬಿದ್ದ ಸುದ್ದಿ ಬರಾಕ ಹತ್ತಿದ್ವು. ಹೊಳಿ ನೀರು ಮುಟ್ಟದ ಊರಾಗೂ ಬೀಳಾಕ ಹತ್ತಿದ್ವು. ಹೆಂಗ ಬಿತ್ತು ಅಂತ ಕೇಳಿದ್ರ ಎಲ್ಲರೂ ಹೇಳೋದು ಒಂದ, "ಸೋರಾಕ ಹತ್ತಿತ್ರಿ, ನಿನ್ನಿನ ಮಣ್ಣು ಹಾಕಿದ್ವಿ." ನಮ್ಮ ಕಡಿ ಮಾಳಗಿ ಸೋರಿದ್ರ ಮ್ಯಾಲೆ ಸವಳು ಮಣ್ಣು ಹಾಕಿ ತುಳೀತಾರ. ನಮ್ಮ ಮಳಿ ಅಂದ್ರ ಒಂದು ದಿನ ಬಂದು ಹತ್ತು ದಿನ ಹೋಗೋದು, ಅದಕ್ಕ ಆ ಮಣ್ಣು ಸಾಕು. ಈ ಮಳಿಗೆ ಹಾಕಿದ ಮಣ್ಣೆಲ್ಲ ನೀರು ಕುಡಿದು ಕಲ್ಲಿನಷ್ಟು ಭಾರ ಆತು, ತೊಲಿ ಮುರದ್ವು. ತಾವ ಹೊತ್ತು ಹಾಕಿದ ಮಣ್ಣು ತಮ್ಮ ಮ್ಯಾಲೆ ಬಿತ್ತು. ಮಣ್ಣು ಹಾಕಬ್ಯಾಡ್ರಿ ಅಂತ ಆಟೋಕ್ಕ ಮೈಕ್ ಕಟ್ಟಿ ಕಳಿಸಿದ್ವಿ. ಹಳ್ಳದ ತನಕ ಹೋಗಿ ಒದರಿ ಬಂತು.

ಅಕ್ಕಗ ಫೋನ್ ಮಾಡಿದೆ. "ಮಾವ ಏನ್ಮಾಡಾಕ ಹತ್ಯಾನ?"

"ಮಾಳಗಿ ಮ್ಯಾಲೆ ಅದಾನ. ದೇವರ ಜಗಲಿ ಮ್ಯಾಲೆ ಸೋರಾಕ ಹತ್ತೈತಿ, ಮಣ್ಣು ಹಾಕಾಕ ಹೋಗ್ಯಾನ."

"ಇಳಿಸ್ ಅವನ್ನ. ಹಾಕಬ್ಯಾಡ ಅನ್ನು. ಇಲ್ಲೆ ಎಲ್ಲಾ ಕಡಿ ಅದಕ್ಕ ಬೀಳಾಕ ಹತ್ಯಾವ. ಅಕ್ಕಾ, ನಿನ್ನ ಕಾಲು ಬೀಳ್ತೀನಿ, ಸಾಲಿಗೆ ಹೋಗ್ರಿ. ಕಣ್ಣು ಮುಚ್ಕೊಂಡು ಗೇಟು ದಾಟು. ಉಣ್ಣಬ್ಯಾಡ ಬೇಕಾದ್ರ, ಮಕ್ಕೊಂಡು ಬಾ ಸಾಕು."

"ಉಣ್ಣದ ಕುಂತ್ರ ಆ ಅಡಗಿ ಮಾಡೋರಿಗೆ ಬ್ಯಾಸರ ಆಗಂಗಿಲ್ಲೇನು?" ಅಂತ ನಕ್ಕಳು. "ಬೋರ್ಡು ಬದಲಾತೇನು?"

"ನಾಳೆ ಆಗ್ತೈತಿ" ಅಂದೆ. ಆಗಂಗಿಲ್ಲ ಅಂತ ಗೊತ್ತಿತ್ತು, ಹಂಗಂದ್ರಾದ್ರೂ ಹೋಗ್ತಾಳೇನೋ ಅಂತ.

"ಹಂಗಾದ್ರ ನಾಳೆ ಹೋಗ್ತೀನಿ ತಗೋ" ಅಂದ್ಲು.

ಬೆಳಿಗ್ಗೆ ಮಳಿ ಸ್ವಲ್ಪ ಸಣ್ಣದಾಗಿತ್ತು. ಚಾ ಕುಡಿಯಾಕ ಕಪ್ಪು ಎತ್ತಿದ್ದೆ, ಫೋನ್ ಬಂತು. ಯಾರೋ ಗಂಡಸು, ಹೊಸ ಧ್ವನಿ. "ಮನಿ ಬಿದ್ದೈತ್ರಿ" ಅಂದ. ಹಿಂದಿನ ಮಧ್ಯಾಹ್ನದಿಂದ ಇಂಥವ ಬರ್ತಿದ್ವಲ್ಲ, ನಾನು ಎಲ್ಲರಿಗೂ ಕೇಳಿದಂಗ ಕೇಳಿದೆ. ಯಾವ ಊರು? ಹೇಳಿದ. ಮಂದಿಗೆ ಏನರ ಆಗೈತೇನು? ಒಂದು ಹೆಣ್ಮಗಳು ಹೋಗೈತ್ರಿ ಅಂದ. ಯಜಮಾನ ಹಿತ್ತಲದಾಗ ಎಮ್ಮಿ ನೋಡಾಕ ಹೋಗಿದ್ದ, ಉಳದಾನ ಅಂದ. ಯಾರ ಮನಿ ಅಂತ ಕೇಳಿದೆ. ಕೇಳೋದಕ್ಕಿಂತ ಮುಂಚೆನ ನನಗ ಗೊತ್ತಾಗಿತ್ತು. ಆದ್ರೂ ಕೇಳಿದೆ, ಬ್ಯಾರೆ ಮನಿ ಹೆಸರು ಹೇಳ್ಲಿ ಅಂತ. ಬ್ಯಾರೆಯವರ ಮನಿ ಬೀಳಲಿ ಅಂತ ಬೇಡಿಕೊಂಡೆ, ಖರೇನ ಹೇಳ್ತೀನಿ.

"ಕಟ್ಟಿಮನಿ ರಿ" ಅಂದ.

ಸಂಜಿಗೆ ಹಳ್ಳ ಇಳೀತು, ಟ್ರ್ಯಾಕ್ಟರ್ ಮ್ಯಾಲೆ ದಾಟಿದೆ. ಅಕ್ಕನ್ನ ಕಟ್ಟಿ ಮ್ಯಾಲನ ಕುಂದ್ರಿಸಿದ್ರು, ಹಣಿಗೆ ವಿಭೂತಿ ಹಚ್ಚಿ. ಮನಿ ಹೋಗಿತ್ತು, ಕಟ್ಟಿ ಉಳಿದಿತ್ತು. ಅವರ ಹೊಲದಾಗ ಗುಂಡಿ ತೋಡಿದ್ರು. ತೋಡಿದಂಗೆಲ್ಲ ನೀರು ಒಸರ್ತಿತ್ತು. ಬಕೀಟಿಲೆ ಎತ್ತಿ ಹಾಕಿದ್ರು, ಮತ್ತ ಬಂತು. ಕೊನಿಗೆ ಅಯ್ಯನೋರು ಇನ್ನ ಎಷ್ಟು ಹೊತ್ತು ಅಂದ್ರು, ಆ ನೀರಾಗನ ಕುಂದ್ರಿಸಿದ್ವಿ. ನೀರು ಬೇಕು ಅಂತ ಹುಟ್ಟಿದಾಗಿಂದ ಬೇಡಿದ ಸೀಮಿ ಇದು. ನನ್ನ ಅಕ್ಕಗ ಒಣ ಮಣ್ಣು ಒಂದು ಬುಟ್ಟಿ ಸಿಗಲಿಲ್ಲ.

ಮೂರನೇ ದಿನ ಕಾರ್ಯ, ಊಟ ಹಾಕಬೇಕಲ್ಲ. ಊರಾಗ ಒಣ ಕಟಗಿ ಇಲ್ಲ, ಒಲಿ ಉಳಿದ ಮನಿ ಇಲ್ಲ. ಸಾಲ್ಯಾಗ ಮಾಡ್ರಿ ಅಂತ ತಹಶೀಲ್ದಾರ್ರ ಹೇಳಿ ಕಳಿಸಿದ್ರು. ನಾನು ಕಳಿಸಿದ್ದ ಅದ ಅಕ್ಕಿ, ಅದ ಬ್ಯಾಳಿ, ಅದ ಗ್ಯಾಸ್ ಒಲಿ, ಅದ ಅಡಗಿಯವರು. ಕೊಟ್ಟೂರಿಂದ ಯಾರೋ ಪುಣ್ಯಾತ್ಮರು ಬೆಲ್ಲ, ಗೋಧಿ ಕಳಿಸಿದ್ರು, ಹುಗ್ಗಿ ಆತು. ಇಡೀ ಊರು ಬಂತು. ಗಂಜಿ ಅಂತ ಗೇಟಿನ ಕಡಿ ಸುಳಿಯದವರೆಲ್ಲ ಬಂದ್ರು, ಕಟ್ಟಿಮನಿಯವ್ವನ ಪ್ರಸಾದ ಅಂತ. ಬೋರ್ಡು ಹಂಗ ಜೋತಾಡ್ತಿತ್ತು, 'ಪರಿಹಾರ ಗಂಜಿ ಕೇಂದ್ರ'. ಯಾರೂ ತಲಿ ಎತ್ತಿ ನೋಡಲಿಲ್ಲ. ಅದರ ಕೆಳಗನ ಸಾಲಾಗಿ ಕುಂತು ಉಂಡ್ರು, ಇನ್ನೊಂದು ಸೌಟು ನೀಡ್ರಿ ಅಂತ ಕೇಳಿ ಹಾಕಿಸ್ಕೊಂಡ್ರು. ನನಗ ಎಲ್ಲರ ಮ್ಯಾಲೂ ಸಿಟ್ಟು ಬರಾಕ ಹತ್ತಿತ್ತು. ಸೌಟು ಹಿಡಕೊಂಡು ನೀಡ್ಕೋತ ಹೋದೆ.

ಮಾವ ಸಾಲಿನ ತುದ್ಯಾಗ ಕುಂತಿದ್ದ. ಅವನ ಉಗುರಿನಾಗ ಇನ್ನೂ ಸವಳು ಮಣ್ಣು ಇತ್ತು. ಎಲಿ ಮುಟ್ಟಿರಲಿಲ್ಲ. ನಾನು ಹತ್ರ ಹೋದ ಕೂಡ್ಲೆ ಬೋರ್ಡಿನ ಕಡಿ ಗದ್ದ ಎತ್ತಿ ತೋರಿಸಿದ.

"ತಂಗೀ, ಅದು ಇನ್ನೂ ಅದ ಐತೇನು? ಗಂಜಿ ಅಂತಾನ ಐತೇನು?"

ಅವಗ ಓದಾಕ ಬರಂಗಿಲ್ಲ. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಒಂದು ತುತ್ತಾದ್ರೂ ಹೋಗ್ಲಿ ಅಂತ ಹೇಳಿದೆ, "ಇಲ್ಲ ಮಾವ, ಬದಲು ಮಾಡ್ಯಾರ. ದಾಸೋಹ ಅಂತ ಬರದಾರ. ಉಣ್ಣು."

ಅವ ಬೋರ್ಡನ್ನ ಭಾಳ ಹೊತ್ತು ನೋಡಿದ. ಆಮ್ಯಾಲೆ ಅನ್ನಕ್ಕ ಕೈ ಹಾಕಿ ಕಲಸಿದ.

"ನಾಕು ದಿನ ಮೊದ್ಲ ಬರದಿದ್ರ ಅಕಿ ಬರ್ತಿದ್ಲು, ತಂಗಿ" ಅಂದ. ಅಂದು ಉಂಡ.